ಆಡು ಮೇಯ್ದ ಮಲ್ಲಿಗೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಈಗಲೂ ಹಾಗೇ, ಆಗಂತೂ ಕೇಳುವುದೇ ಬೇಡ. ಐವತ್ತೈದನೇ ಇಸವಿಯ ಸುಮಾರಿಗೆ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಸೊಸೆಯಾಗಿ ಬಂದಾಗ ನಾಲ್ಕಕ್ಷರ ಕಲಿತವಳೆಂಬ ಜಂಬ ಬೇರೆ. ಮೊದಲ ಆಷಾಢಕ್ಕೆ ತವರಿಗೆ ಹೋದವಳು ಶ್ರಾವಣದಲ್ಲಿ ಹಿಂತಿರುಗುವಾಗ ಅಮ್ಮನ ಹಿತ್ತಲಿನ ದುಂಡುಮಲ್ಲಿಗೆಯ ಬೇರು ಬಿಟ್ಟ ಕಡ್ಡಿಯೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದೆ. ದಾರಿಯುದ್ದಕ್ಕೂ ಅದನ್ನು ಮಡಿಲಿನಿಂದ ಕೆಳಗಿಳಿಸಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿದ್ದ ನನ್ನ ಯಜಮಾನರು, "ಕೂಸು ಹಿಡ್ಕೊಂಡಂಗೆ ಹಿಡ್ಕೊಂಡಿದ್ದೀಯಲ್ಲ" ಎಂದು ನಕ್ಕರು.

ಬಚ್ಚಲಿನ ನೀರು ಹರಿದುಹೋಗುವ ಜಾಗವನ್ನು ತೋರಿಸಿ, "ಇಲ್ಲಿ ನೆಡು" ಎಂದರು ಅತ್ತೆ. ಅಷ್ಟೇ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಆ ತಾಯಿ. ಒಲೆ ಆರಿಹೋದರೂ ಪಕ್ಕದ ಮನೆಗೆ ಹೋಗಿ ಒಂದು ಕೆಂಡ ಕೇಳಿದವರಲ್ಲ. ಇನ್ನೊಂದು ಪದ್ಧತಿ ಆ ಮನೆಯಲ್ಲಿತ್ತು. ಎಳೆಯ ಕುಂಬಳಕಾಯಿಗೋ ಮೊಗ್ಗಿಗೋ ಯಾರೂ ಬೆರಳು ಚಾಚಿ ತೋರಿಸಬಾರದು, ಮಡಚಿದ ಬೆರಳಲ್ಲೇ ತೋರಿಸಬೇಕು. ಬರಬೇಕಾದ್ದು ಬರುವ ಮುಂಚೆ ಅದನ್ನು ಪಡೆಯುವವರ ಮುಂದೆ ಅದರ ಮಾತೂ ಎತ್ತಬಾರದು, ಎತ್ತಿದರೆ ಉದುರಿಹೋಗುತ್ತದಂತೆ. ನಾನು ಒಳಗೊಳಗೇ ನಗುತ್ತಿದ್ದೆ.

ಒಂದೂವರೆ ವರ್ಷದಲ್ಲಿ ಬಳ್ಳಿ ಎದೆಯೆತ್ತರ ಬಂತು. ಬಿದಿರುಕಡ್ಡಿ ಕಟ್ಟಿ, ಕೈಯೆಲ್ಲ ಸೀಳಿಸಿಕೊಂಡು ಅದಕ್ಕೊಂದು ಚಪ್ಪರ ಮಾಡಿದ್ದೆ. ಅಷ್ಟೊತ್ತಿಗೆ ನನಗೆ ನಾಲ್ಕು ತಿಂಗಳು. ಅತ್ತೆ ಅದರ ಬಗ್ಗೆಯೂ ತುಟಿ ಬಿಚ್ಚಿರಲಿಲ್ಲ, ನನ್ನ ತಟ್ಟೆಗೆ ಮಾತ್ರ ತುಪ್ಪ ಹೆಚ್ಚಾಗಿತ್ತು.

ಸಂಕ್ರಾಂತಿ ಕಳೆದ ವಾರವಿರಬೇಕು. ಮಧ್ಯಾಹ್ನ ಎದ್ದು ಹಿತ್ತಲಿಗೆ ಹೋದರೆ ಹಿಂದಿನ ಬೀದಿಯವರ ಆಡು ನನ್ನ ಮಲ್ಲಿಗೆಯನ್ನು ಕರಕರ ಮೇಯುತ್ತಿದೆ! ಅದರ ಹಗ್ಗ ಹಿಡಿದು ನಿಂತವರು ಯಾರು? ನಮ್ಮ ಅತ್ತೆ.

"ಅಯ್ಯಯ್ಯೋ, ಅತ್ತೆ! ಏನು ಮಾಡ್ತಿದ್ದೀರಿ?" ಎಂದು ಕಿರುಚಿದೆ.

"ಮೇಯ್ಲಿ ಬುಡು" ಎಂದರು, ನನ್ನತ್ತ ತಿರುಗದೆ.

ಎಲೆಯೊಂದೂ ಉಳಿಯಲಿಲ್ಲ. ಅದು ಸಾಲದೆಂದು ಮರುದಿನ ಗುದ್ದಲಿ ಹಿಡಿದು ಮಣ್ಣಿನ ಕಟ್ಟೆ ಹಾಕಿ, ಬಚ್ಚಲ ನೀರನ್ನು ಬಳ್ಳಿಗೆ ತಪ್ಪಿಸಿ ಬಾಳೆಗಿಡದ ಕಡೆ ತಿರುಗಿಸಿಬಿಟ್ಟರು. ತವರಿನ ಗಿಡವೆಂದೇ ಇವರಿಗೆ ಕಣ್ಣುರಿ ಎಂದುಕೊಂಡೆ. ಎಂಟು ದಿನ ಅವರೊಂದಿಗೆ ಮಾತು ಬಿಟ್ಟೆ. ಮೊದಲೇ ಮಾತು ಕಡಿಮೆಯ ಹೆಂಗಸು, ನಾನು ಮಾತು ಬಿಟ್ಟದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ ದೇವರೇ ಬಲ್ಲ.

ಬಳ್ಳಿಯನ್ನು ಸಾಯಲು ಬಿಡುವವಳೇ ನಾನು? ಬೆಳಿಗ್ಗೆ ಅವರು ಲಿಂಗಪೂಜೆಗೆ ಕೂತು ಕಣ್ಣು ಮುಚ್ಚಿದರೆ ಸರಿ, ಓಡಿಹೋಗಿ ಕಾಲಲ್ಲಿ ಕಟ್ಟೆ ಒಡೆದು ನೀರನ್ನು ಬಳ್ಳಿಯತ್ತ ಬಿಡುತ್ತಿದ್ದೆ. ಅವರು ಏಳುವ ಮುಂಚೆ ಮಣ್ಣು ಮುಚ್ಚಿ, ಕೈತೊಳೆದು, ಒಲೆಯ ಮುಂದೆ ಸಾಧುವಾಗಿ ಕೂತಿರುತ್ತಿದ್ದೆ. ಅಕ್ಕಿ ತೊಳೆದ ನೀರು, ಸಗಣಿ ಗೊಬ್ಬರ, ಎಲ್ಲವೂ ಕದ್ದುಮುಚ್ಚಿ ಅದಕ್ಕೇ. ಆಗಾಗ ಅತ್ತೆ ಕಟ್ಟೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಗೊಣಗುತ್ತಾ ಸಂದಿಗಳಿಗೆ ಕಲ್ಲು, ಮುಳ್ಳು ತುರುಕುವುದು ಕಾಣುತ್ತಿತ್ತು. ಎಂಥಾ ಹಟ ಈ ಮುದುಕಿಗೆ ಎಂದು ಹಲ್ಲು ಕಡಿಯುತ್ತಿದ್ದೆ.

ಚೈತ್ರ ಬಂತು. ಹೊಂಗೆ ಹೊಸ ಎಲೆ ಹೊದ್ದಿತು, ಬೇವಿನ ಹೂವು ಬಚ್ಚಲಿನ ಹೆಂಚಿನ ಮೇಲೆಲ್ಲ ಉದುರಿತು. ಬೀದಿಯ ಹಿತ್ತಲುಗಳಲ್ಲೆಲ್ಲ ಮಲ್ಲಿಗೆ ಮೊಗ್ಗು. ನನ್ನ ಬಳ್ಳಿಯೋ ಕಪ್ಪಗೆ, ದಟ್ಟವಾಗಿ ಎಲೆ ತುಂಬಿಕೊಂಡು ಚಪ್ಪರವನ್ನೇ ಬಗ್ಗಿಸಿತ್ತು. ಗೆದ್ದೆ ಎಂದುಕೊಂಡೆ. ಅತ್ತೆ ದಿನಾ ಬಂದು ಎಲೆ ಸರಿಸಿ ಸರಿಸಿ ನೋಡುವರು.

"ಇದ್ಯಾಕಮ್ಮಿ, ಬರೀ ಎಲೆ ಬುಡ್ತಾ ಅದೆ?" ಎಂದರು ಒಂದು ದಿನ. ಮುಖ ಬಾಡಿತ್ತು.

"ಎಷ್ಟು ಚೆನ್ನಾಗಿ ಚಿಗುರಿದೆ ನೋಡಿ, ಅತ್ತೆ" ಎಂದೆ, ಕೊಬ್ಬಿನಿಂದ.

ಏಳನೇ ತಿಂಗಳಿಗೆ ನನಗೆ ಹೂ ಮುಡಿಸುವ ಶಾಸ್ತ್ರ ಇಟ್ಟುಕೊಂಡರು. ಹಿಂದಿನ ದಿನದ ಮಧ್ಯಾಹ್ನದ ಬಸ್ಸಿಗೆ ಅಮ್ಮ ಬಂದಿಳಿದಳು. ಹಸಿರು ಸೀರೆ, ಹಸಿರು ಬಳೆ, ತಂಬಿಟ್ಟು, ಚಿಗಳಿ, ಎಲ್ಲ ಬುಟ್ಟಿಯಲ್ಲಿತ್ತು. ಹೂವು ಮಾತ್ರ ಇಲ್ಲ.

"ಅಮ್ಮ, ಜಡೆಗೆ ಮೊಗ್ಗು?"

"ನಿಮ್ಮತ್ತೆ ತರಬೇಡಿ ಅಂತ ಹೇಳಿ ಕಳಿಸಿದ್ರಲ್ಲೇ! ಸಂಕ್ರಾಂತಿಲೇ ಹೇಳಿ ಕಳಿಸಿದ್ದು. ನಿಮ್ಮ ಮಗಳು ತವರಿಂದ ತಂದ ಬಳ್ಳೀಲೇ ಮೊಗ್ಗಿನ ಜಡೆ ಹಾಕ್ತೀನಿ, ಆಡು ಬಿಟ್ಟು ಎಲೆ ಮೇಯಿಸಿ, ನೀರು ಕಟ್ಟಿ ಒಣಗಿಸಿದ್ರೆ ಚೈತ್ರಕ್ಕೆ ಎಲೆಗಿಂತ ಮೊಗ್ಗೇ ಜಾಸ್ತಿ ಅಂದ್ರಂತೆ. ಎಲ್ಲಿ, ಬಳ್ಳಿ ತೋರ್ಸು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಳ್ಳಿಯಲ್ಲಿ ಹುಡುಕಿದರೆ ಸಿಕ್ಕಿದ್ದು ಮೂರೇ ಮೂರು ಮೊಗ್ಗು. ನನಗಾಗಿ ಮೂರು ತಿಂಗಳು ಬಾಯಿ ಕಟ್ಟಿಕೊಂಡು ಕಾದ ಜೀವವನ್ನು ನಾನು ಮನಸ್ಸಿನಲ್ಲಿ ಏನೇನೆಲ್ಲ ಬೈದಿದ್ದೆ! ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ಅಳುತ್ತಾ ಎಲ್ಲ ಒಪ್ಪಿಕೊಂಡೆ.

ಅತ್ತೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಕಟ್ಟೆ ಒಡೀತಿದ್ದುದು ನೀನಾ? ಎಗ್ಗಣ ಅನ್ಕಂಡು ದಿನಾ ಮುಳ್ಳು ತುರುಕ್ತಿದ್ನಲ್ಲಮ್ಮಿ!"

"ಒಂದು ಮಾತು ಹೇಳಬಾರದಿತ್ತಾ, ಅತ್ತೆ?"

"ಬರೋದ್ರ ಮಾತ ಬರೋಕ್ ಮುಂಚೆ ಆಡ್ತಾರೇನಮ್ಮಿ?" ಎಂದು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಮಡಚಿದ ಬೆರಳಿನಿಂದ ನನ್ನ ಕಣ್ಣೊರೆಸಿದರು. "ಬುಡು, ಅಳ್ಬ್ಯಾಡ. ಬಸ್ರಿ ಎಂಗ್ಸು ಅಳ್ಬಾರ್ದು."

ಮರುದಿನ ಬೆಳಿಗ್ಗೆ ಎದ್ದಾಗ ಅತ್ತೆ ಮನೆಯಲ್ಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಒಂದು ಕೆಂಡವನ್ನೂ ಕೇಳದ ಹೆಂಗಸು ಬುಟ್ಟಿ ಹಿಡಿದು ಬೀದಿಯ ಒಂದೊಂದೇ ಮನೆಯ ಮುಂದೆ ನಿಲ್ಲುತ್ತಿದ್ದಾರೆ. ಒಬ್ಬರು ಬೊಗಸೆ, ಒಬ್ಬರು ಹಿಡಿ, ಇನ್ನೊಬ್ಬರು ಸೆರಗಿನ ತುಂಬ ಮೊಗ್ಗು ಹಾಕುತ್ತಿದ್ದಾರೆ. ಹಿಂದಿರುಗಿದಾಗ ಬುಟ್ಟಿ ತುಂಬಿತ್ತು. ಯಾರಿಗೆ ಏನು ಹೇಳಿ ಕೇಳಿದರೋ, ನನಗೆ ಹೇಳಲಿಲ್ಲ. ಬೀದಿಗೆಲ್ಲ ನನ್ನ ಬುದ್ಧಿವಂತಿಕೆ ತಿಳಿದುಹೋಯಿತಲ್ಲ ಎಂದು ದಿನವಿಡೀ ಕುಗ್ಗಿಹೋದೆ.

ಸಂಜೆ ಹೆಂಗಸರೆಲ್ಲ ಸೇರಿದರು. ಅತ್ತೆ ನನ್ನ ಹಿಂದೆ ಕೂತು ಜಡೆಗೆ ಮೊಗ್ಗು ಹೊಲಿಯುತ್ತಿದ್ದರು. ನಮ್ಮ ಬಳ್ಳಿಯ ಮೂರನ್ನು ನೆತ್ತಿಯ ನಡುವೆ ಇಟ್ಟಿದ್ದರು. ಆಡಿನ ಮನೆಯಾಕೆ ಮಾತು ತೆಗೆದಳು.

"ಅಲ್ಲ, ಅಂಥಾ ಬಳ್ಳಿ ಕೆಡುಸ್ಬುಡ್ತಲ್ಲ ಆ ಆಳಾದ ಎಗ್ಗಣ! ದಿನಾ ಬಚ್ಚಲ ಕಟ್ಟೆ ತೋಡ್ತಂತೆ!"

"ಅದರ ಮನೆ ಆಳಾಗ!" ಎಂದಳು ಇನ್ನೊಬ್ಬಳು. "ಇಡ್ದು ಬಡೀಬೇಕಿತ್ತು."

ಎಲ್ಲರೂ ಸೇರಿ ಹೆಗ್ಗಣಕ್ಕೆ ಶಾಪ ಹಾಕತೊಡಗಿದರು. ನಾನು ತಲೆ ಬಗ್ಗಿಸಿದೆ. ಅತ್ತೆ ಜಡೆಯನ್ನು ಹಿಡಿದು ಮೆಲ್ಲಗೆ ಹಿಂದಕ್ಕೆಳೆದು ನನ್ನ ತಲೆಯನ್ನು ನೆಟ್ಟಗೆ ಮಾಡಿದರು.

"ಬಯ್ಬ್ಯಾಡಿ ಕಣ್ರವ್ವ" ಎಂದರು. "ಬಸ್ರಿ ಎಗ್ಗಣ ಅದು."