ಕೀಬೋರ್ಡಿನ ಮೇಲಿನ ಹಸಿರು ಟವೆಲ್

ಸಿದ್ದರಾಜಣ್ಣನವರ ಕೀಬೋರ್ಡಿನಲ್ಲಿ ಅಂಕಿಗಳು ಮೂಡುವ ಪುಟ್ಟ ಪರದೆಯೊಂದಿತ್ತು. ಅದರ ಮೇಲೆ ಯಾವಾಗಲೂ ಒಂದು ಹಸಿರು ಟವೆಲ್. ಬೆವರು ಬಂದರೆ ಅಂಗಿಯ ತೋಳಿನಲ್ಲಿ ಒರೆಸಿಕೊಳ್ಳುತ್ತಿದ್ದರೇ ಹೊರತು ಟವೆಲ್ ತೆಗೆಯುತ್ತಿರಲಿಲ್ಲ. ಕೇಳಿದರೆ, “ಧೂಳು ಕಣವ್ವ. ಕೆಟ್ಟೋದ್ರೆ ಯಾರು ರಿಪೇರಿ ಮಾಡ್ಸೋರು?” ಎನ್ನುತ್ತಿದ್ದರು. ಧೂಳು ಆ ಒಂದು ಜಾಗಕ್ಕೇ ಏಕೆ ಬೀಳುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ನಂಜನಗೂಡಿನ ಸುತ್ತಮುತ್ತ ಮದುವೆ, ನಾಮಕರಣಗಳಿಗೆ ಆರ್ಕೆಸ್ಟ್ರಾ ನಡೆಸುತ್ತಿದ್ದವರು ಅವರು. ವಾರವೆಲ್ಲ ಗಾರ್ಮೆಂಟ್ಸ್‌ನಲ್ಲಿ ದುಡಿದು ಭಾನುವಾರ ಅವರ ತಂಡದಲ್ಲಿ ಹಾಡುತ್ತಿದ್ದವಳು ನಾನು. ವಾದ್ಯದವರೆಲ್ಲ ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದ ಮೇಲೆ ಸಿದ್ದರಾಜಣ್ಣ ಹೆಮ್ಮಿಗೆಯ ಮನೆಯಲ್ಲೇ ಕುಳಿತು ಪಿಟೀಲು, ಕೊಳಲು, ಗಿಟಾರುಗಳನ್ನೆಲ್ಲ ಕೀಬೋರ್ಡಿನಲ್ಲೇ ನುಡಿಸಿ, ಒಂದರ ಮೇಲೊಂದು ಕೂಡಿಸಿ ರೆಕಾರ್ಡ್ ಮಾಡತೊಡಗಿದರು. ಪೆನ್‌ಡ್ರೈವ್ ಹಾಕಿದರೆ ಇಡೀ ಆರ್ಕೆಸ್ಟ್ರಾ ಕೇಳುತ್ತಿತ್ತು. ಅವರೂ ಜೊತೆಗೆ ನುಡಿಸುತ್ತಿದ್ದರು, ನಾನು ಹಾಡುತ್ತಿದ್ದೆ.

“ಶ್ರುತಿ ಅಂದ್ರೆ ನಾವಿರೋ ಮನೆ. ತಾಳ ಅಂದ್ರೆ ನಡ್ಗೆ. ಭಾವ ಅಂದ್ರೆ ಯಾರ ಮನೆಗೆ ಓಯ್ತಿದ್ದೀವಿ ಅನ್ನೋದು” ಎಂಬುದು ಅವರ ಪಾಠ. ಬಿಳಿಗೆರೆಯ ಒಂದು ನಾಮಕರಣಕ್ಕೆ ರಾಶಿ ಪಿಟೀಲು ತುಂಬಿ ಜೋಗುಳ ಸಿದ್ಧಮಾಡಿದ್ದರು. ಅದು ಶುರುವಾಗುತ್ತಲೇ ಮಗುವಿನ ಅಜ್ಜಿ ಎದ್ದು ಬಂದು, “ಏನಪ್ಪಾ, ಸತ್ತೋರ ಮನೆ ಮಾಡ್ಬುಟ್ಯಲ್ಲ!” ಎಂದು ರೇಗಿದರು. ಸಿದ್ದರಾಜಣ್ಣ ಅಲ್ಲೇ ರೆಕಾರ್ಡ್ ನಿಲ್ಲಿಸಿ ಬರೀ ಕೊಳಲಿನ ದನಿಯಲ್ಲಿ ನುಡಿಸಿದರು. ವ್ಯಾನಿನಲ್ಲಿ ವಾಪಸು ಬರುವಾಗ, “ಯಾರ ಮನೆ ಅಂತ ನೋಡ್ದೆ ನುಗ್ಬುಟ್ಟೆ ಕಣವ್ವ” ಎಂದು ದಾರಿಯುದ್ದಕ್ಕೂ ಪೇಚಾಡಿಕೊಂಡರು.

ಕೀಬೋರ್ಡಿನ ಕೀಲಿಗಳಿಗೆ ನಾವು ‘ಮನೆ’ ಅನ್ನುತ್ತೇವೆ; ನನ್ನ ಶ್ರುತಿ ಐದೂವರೆ ಮನೆ. ಅಷ್ಟು ಎತ್ತರದಲ್ಲಿ ಸಲೀಸಾಗಿ ಹಾಡುತ್ತೇನೆಂಬ ಜಂಬವೂ ಇತ್ತು. ಥೈರಾಯ್ಡ್ ಆಪರೇಷನ್ ಆದಮೇಲೆ ಗಂಟಲು ಏಳಲೇ ಇಲ್ಲ. “ಐದೂವರೆ ಬರದಿದ್ದರೆ ಇನ್ನು ಮೈಕ್ ಮುಟ್ಟುವುದಿಲ್ಲ ಅಣ್ಣ” ಎಂದು ಹೇಳಿಬಿಟ್ಟೆ. ಅವರು ವಾದ ಮಾಡಲಿಲ್ಲ. ಕೆಲವು ತಿಂಗಳು ಬಿಟ್ಟು ಹೆಮ್ಮಿಗೆಗೆ ಕರೆಸಿಕೊಂಡು, “ಒಸಾ ರೆಕಾರ್ಡು. ಐದೂವರೆನೇ ಅದೆ. ಆಡು” ಎಂದರು. ಹಾಡಿದೆ. ಚರಣದ ತುದಿಯ ಸ್ವರ ಸಿಕ್ಕಿತು. ನಾನು ಅತ್ತುಬಿಟ್ಟೆ. ಅವರ ಬೆರಳುಗಳೂ ಹಳೆಯ ಮನೆಗಳ ಮೇಲೇ ಓಡಾಡಿದ್ದನ್ನು ಕಣ್ಣಾರೆ ನೋಡಿದ್ದೆ. ಹಸಿರು ಟವೆಲ್ ಅಂದೇ ಮೊದಲು ಬಂದಿದ್ದು ಅಂತ ಈಗ ನೆನಪಾಗುತ್ತದೆ.

ಹಾಡು ಮಾತ್ರ ಸ್ವಲ್ಪ ಓಡುತ್ತಿತ್ತು. “ಯಾಕಣ್ಣ ಇಷ್ಟು ಅವಸರ?” ಎಂದರೆ, “ಜನ ಊಟಕ್ಕೆ ಏಳ್ತಾರೆ ಕಣವ್ವ, ಅಷ್ಟರಲ್ಲಿ ಮುಗಿಸ್ಬೇಕಲ್ಲ” ಎಂದು ಬಾಯಿ ಮುಚ್ಚಿಸಿದರು. ಆಮೇಲೆ ವರ್ಷಗಟ್ಟಲೆ ಹಾಡಿದೆ.

ಕಳೆದ ಆಷಾಢದಲ್ಲಿ ಸಿದ್ದರಾಜಣ್ಣ ಎದೆನೋವು ಬಂದು ಹೋಗಿಬಿಟ್ಟರು. ಟವೆಲ್ ಹೊದ್ದ ಕೀಬೋರ್ಡನ್ನು ಅವರ ಮಗಳು ಗೋಡೆಗೆ ಒರಗಿಸಿಟ್ಟಿದ್ದಳು. ಕಾರ್ತೀಕದಲ್ಲಿ ತಿ. ನರಸೀಪುರದ ಇನ್ನೊಂದು ತಂಡದವರು ಆರತಕ್ಷತೆಯೊಂದಕ್ಕೆ ಕರೆದರು. ಮೈಕ್ ಟೆಸ್ಟಿನ ಹೊತ್ತಿಗೆ ಅವರ ಕೀಬೋರ್ಡಿನ ನಾಗೇಂದ್ರ ಶ್ರುತಿ ಕೇಳಿದರು. ಐದೂವರೆ ಎಂದೆ. ಪಲ್ಲವಿ ಹೇಗೋ ದಾಟಿತು. ಚರಣದಲ್ಲಿ ಧ್ವನಿ ಒಡೆದುಹೋಯಿತು.

ನಾಚಿಕೆಯಾಗಿ ಸಿದ್ದರಾಜಣ್ಣನವರ ಪೆನ್‌ಡ್ರೈವ್ ಕೊಟ್ಟೆ. ನಾಗೇಂದ್ರ ಕೇಳುತ್ತಾ ಕೇಳುತ್ತಾ ಒಂದೆರಡು ಮನೆ ಒತ್ತಿ ನೋಡಿದರು. “ಅಕ್ಕಾ, ಇದು ನಾಲ್ಕು ಮನೆ. ಸ್ಪೀಡೂ ಏರಿಸವ್ರೆ, ಉಸ್ರು ಸಾಲ್ಲಿ ಅಂತ” ಎಂದು ತಮ್ಮ ಕೀಬೋರ್ಡಿನ ಒಂದು ಗುಂಡಿ ಒತ್ತಿ, ಐದೂವರೆ ಮನೆಯನ್ನೇ ಮತ್ತೆ ನುಡಿಸಿದರು. ಬೆರಳು ಹಳೆಯ ಮನೆಯ ಮೇಲೇ ಇತ್ತು, ದನಿ ಮಾತ್ರ ಕೆಳಗಿಳಿಯಿತು. ಪರದೆಯ ಮೇಲೆ ಅಂಕಿ ಬದಲಾಯಿತು. ಅದನ್ನು ಮುಚ್ಚಲು ಇಲ್ಲಿ ಟವೆಲ್ ಇರಲಿಲ್ಲ.

ಇಷ್ಟು ವರ್ಷ ಮಂಕುಬೂದಿ ಎರಚಿದ್ದಕ್ಕೆ ಸಿಟ್ಟು ಬಂತು. ಬೈಯೋಣವೆಂದರೆ ಮನುಷ್ಯನೇ ಇಲ್ಲ ಎಂದು ಅಳು ಬಂತು. ಹೊರಗೆ ವಧೂವರರ ಕಾರು ಬಂದ ಗದ್ದಲ.

“ಶ್ರುತಿ ಯಾವುದಕ್ಕೆ ಇಡ್ಲಕ್ಕ?” ಎಂದರು ನಾಗೇಂದ್ರ.

“ನಾಲ್ಕು” ಎಂದೆ, ಮೈಕಿನಲ್ಲೇ.