ಅವ್ವನ ಬಾಯಲ್ಲಿ ಅಪ್ಪನ ಹೆಸರು

ಬರೆಯುವುದೇ ಬೇಡ ಅಂದುಕೊಂಡಿದ್ದನ್ನು ಮೊದಲು ಹೇಳಿಬಿಡುತ್ತೇನೆ, ಗೆಳೆಯರೇ. ಅವ್ವನಿಗೆ ಮರೆವು ಬಂದಿದೆ ಎಂದು ಇವತ್ತು ಒಂದು ಕ್ಷಣ ನಾನೂ ನಂಬಿದ್ದೆ.

ಅಪ್ಪ-ಅವ್ವ ಇಬ್ಬರನ್ನೂ ನನ್ನ ಜೊತೆ ಆಸ್ಟ್ರೇಲಿಯಾಕ್ಕೆ ಕರೆದೊಯ್ಯಲು ವೀಸಾದ ವೈದ್ಯಕೀಯ ತಪಾಸಣೆ ನಡೆದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬೆಂಗಳೂರು ಕಡೆಯ ಎಳೆಯ ಡಾಕ್ಟರೊಬ್ಬರು ಅವ್ವನ ನೆನಪು ಪರೀಕ್ಷಿಸುತ್ತಿದ್ದರು. ನಾನು ಬಾಯಿ ಹಾಕುವಂತಿರಲಿಲ್ಲ.

"ನಿಮ್ಮ ಯಜಮಾನರ ಹೆಸರೇನಮ್ಮ?"

"ಹೊರಗ ಕುಂತಾರ್ರಿ. ಅವರನ್ನ ಕೇಳ್ರಿ."

ಮತ್ತೆ ಕೇಳಿದರು. ಅವ್ವ ನೆಲ ನೋಡಿದಳು.

"ಮರೆವು ಇದೆ ಅಂತ ಬರೆಯಬೇಕಾಗುತ್ತೆ," ಎಂದರು ನನಗೆ. ಬರೆದರೆ ವೀಸಾ ಅಲ್ಲಿಗೇ ನಿಲ್ಲುತ್ತದೆ. ಆಗ ಹೊಳೆಯಿತು: ಅವ್ವ ಗಂಡನ ಹೆಸರನ್ನು ಹಾಗೇ ಹೇಳುವವಳಲ್ಲ, ಮದುವೆ ಮನೆಗಳಲ್ಲಿ ಪ್ರಾಸ ಕಟ್ಟಿದ ಒಡಪಿನಲ್ಲಷ್ಟೇ ಹೇಳುತ್ತಾಳೆ.

"ಬರೀಬ್ಯಾಡ್ರಿ," ಎಂದೆ. "ಅವ್ವಾ, ಒಡಪು ಹೇಳು."

ಅವ್ವ ಸೆರಗು ಸರಿಮಾಡಿಕೊಂಡಳು.

"ಕೈಯಾಗ ಹಸರ ಬಳಿ, ತೋಳಿಗೆ ಚುಚ್ಚಿದ ಸೂಜಿ, ಶಿವಪ್ಪನವರ ಜೋಡಿ ಹೋಗಾಕ ನಾ ರಾಜಿ. ಈಗ ನೀವು ನಿಮ್ಮ ಹೆಂಡ್ತಿ ಹೆಸರ ಹಿಂಗ ಹೇಳ್ರಿ ನೋಡೂಣು."

ಡಾಕ್ಟರು ನಕ್ಕು, ನೆನಪು ಚೆನ್ನಾಗಿದೆ ಎಂದು ಬರೆದರು.

ನಾಳೆಯವರೆಗೆ ಬಿಟ್ಟರೆ ನಾನು ಮೇಲಿನ ಮೊದಲ ಸಾಲುಗಳನ್ನು ಅಳಿಸಿಬಿಡುತ್ತೇನೆ. ಅದಕ್ಕೇ ಇದನ್ನು ಇವತ್ತೇ ಬ್ಲಾಗಿಗೆ ಹಾಕುತ್ತೇನೆ.