ರೋಮಿನಲ್ಲಿ ಅವ್ವನ ಬೂಟು

ಅವ್ವ ತನ್ನ ಜೀವಮಾನದಲ್ಲಿ ಬೂಟು ಹಾಕಿದ್ದು ರೋಮಿಗೆ ಹೋದಾಗ ಮಾತ್ರ. ಶಹಾಬಾದದ ಬಜಾರಿನಲ್ಲಿ ಅದನ್ನು ಕೊಂಡ ದಿನ ಅಂಗಡಿಯಲ್ಲೇ ಎದ್ದು ನಿಂತು, ಸೀರೆಯ ನೆರಿಗೆ ತುಸು ಎತ್ತಿ ಹಿಡಿದು, ಪೊಲೀಸರಂತೆ ಠಕಠಕ ನಡೆದು ತೋರಿಸಿ ನಕ್ಕಿದ್ದಳು. ಒಳಗೆ ಎರಡೆರಡು ಕಾಲುಚೀಲ ಹಾಕಬೇಕೆಂದು ನಾವು ಒಂದು ನಂಬರು ದೊಡ್ಡದನ್ನೇ ಆರಿಸಿದ್ದೆವು.

ರೋಮು ಅಪ್ಪನ ಹುಚ್ಚು. ಅಪ್ಪ ವಾಡಿಯ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ರೋಮಿನ ಪಾಠ ಬಂತೆಂದರೆ ಗಂಟೆ ಹೊಡೆದರೂ ಹುಡುಗರನ್ನು ಬಿಡುತ್ತಿರಲಿಲ್ಲವಂತೆ. ಮನೆಯಲ್ಲೂ ಅದೇ ಪುರಾಣ. ತಟ್ಟೆಯ ಮುಂದೆ ಕುಳಿತು ಸಾರು ಆರುವವರೆಗೂ ಸೀಸರನ ಕೊಲೆ ನಡೆಯುತ್ತಿತ್ತು. ಅವ್ವ ರೊಟ್ಟಿ ಬಡಿಯುತ್ತಲೇ, "ಆ ರಾಜಾಗೋಳು ಉಂಡು ಕೈ ತೊಳಕೊಂಡು ಭಾಳ ಹೊತ್ತಾತು. ನೀವು ಯಾವಾಗ ಉಣ್ತೀರಿ?" ಎನ್ನುತ್ತಿದ್ದಳು.

ಅಪ್ಪ ನಿವೃತ್ತರಾದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ನಾನಾಗ ಸೇಡಂನ ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದೆ. ಹೈದರಾಬಾದಿನ ಪ್ರವಾಸದ ಕಂಪನಿಯೊಂದು ಚಳಿಗಾಲದಲ್ಲಿ ಕಡಿಮೆ ದರಕ್ಕೆ ರೋಮು ತೋರಿಸಿಕೊಂಡು ಬರುತ್ತದೆಂದು ತಿಳಿದಾಗ ನಾನೇ ಅಪ್ಪನನ್ನು ಹುರಿದುಂಬಿಸಿದೆ. ಅಪ್ಪ ಒಬ್ಬರೇ ಹೋಗಲು ಒಪ್ಪಲಿಲ್ಲ. ಅವ್ವನಿಗೆ ರೋಮಿನ ಮೇಲೆ ಯಾವ ಆಸೆಯೂ ಇರಲಿಲ್ಲ. ಅಪ್ಪ ಅಲ್ಲಿ ನಿಂತು ನೋಡುವುದನ್ನು ತಾನು ನೋಡಬೇಕು, ಅಷ್ಟೇ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹಚ್ಚಿದ ಅವಲಕ್ಕಿ ಕಟ್ಟಿಕೊಂಡು ನಾವು ಮೂವರೂ ಹೊರಟೆವು.

ರೋಮು ಅಪ್ಪ ಹೇಳಿದಂತೆ ಇರಲಿಲ್ಲ. ಸೂರ್ಯನ ಸುಳಿವಿಲ್ಲ, ಸಣ್ಣಗೆ ಜಿನುಗುವ ಮಳೆ, ಮೂಗಿನ ತುದಿ ಕಡಿದು ಬೀಳುವಂಥ ಗಾಳಿ. ಮೊದಲ ದಿನಕ್ಕೆ ಚರ್ಚುಗಳನ್ನು, ಅಪ್ಪ ಜಪಿಸುತ್ತಿದ್ದ ಹಳೆಯ ಕಾದಾಟದ ಅಖಾಡ ಕೊಲೋಸಿಯಮ್ಮನ್ನು ಮರುದಿನಕ್ಕೆ ಇಟ್ಟಿದ್ದರು. ಮೊದಲ ಚರ್ಚಿನ ಬಾಗಿಲಲ್ಲಿ ಅವ್ವ ಬಗ್ಗಿ ಬೂಟಿನ ಲಾಡಿ ಬಿಚ್ಚತೊಡಗಿದಳು.

"ಇಲ್ಲಿ ಬಿಡಬೇಕಂತಿಲ್ಲ. ಎಲ್ಲಾರೂ ಹಾಕ್ಕೊಂಡೇ ಹೊಂಟಾರ ನೋಡು," ಎಂದರು ಅಪ್ಪ.

"ಅವರು ಹೋಗವಲ್ರ್ಯಾಕ. ದೇವರ ಮುಂದ ಬೂಟ ಹಾಕ್ಕೊಂಡು ಹ್ಯಾಂಗ ನಿಂದ್ರೂದ್ರಿ? ಅವರ ದೇವರಾದ್ರೇನು, ನಮ್ಮ ದೇವರಾದ್ರೇನು?"

"ಕಲ್ಲು ಥಂಡಿ ಅದ, ಕಾಲು ಸೆಟೀತಾವ."

"ನನಗೇನೂ ಹತ್ತಂಗಿಲ್ಲ ಬಿಡ್ರಿ."

ಅದು ನಿಜವೇ ಆಗಿತ್ತು. ನಮ್ಮ ಅಂಗಳಕ್ಕೆ ಹಾಸಿದ ಪರಸಿ ಕಲ್ಲು ಬೇಸಿಗೆಯ ಮಧ್ಯಾಹ್ನ ರೊಟ್ಟಿಯ ಹಂಚಿನಂತೆ ಕಾದಿರುತ್ತಿತ್ತು. ನಾವು ಕುಣಿಯುತ್ತ ದಾಟುವಲ್ಲಿ ಅವ್ವ ಬರಿಗಾಲಲ್ಲಿ ನಿಧಾನ ಓಡಾಡಿ ಸಂಡಿಗೆ ಹಾಕುತ್ತಿದ್ದಳು. ನೆರೆಯವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ನಮಗೂ ಅದೊಂದು ಹೆಮ್ಮೆ. ಅವ್ವನಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಗುಳಿಗೆ ನೆನಪಾದರೆ ನುಂಗುತ್ತಿದ್ದಳು. ಆ ಕಾಯಿಲೆಗೂ ಈ ಕಾಲಿಗೂ ಸಂಬಂಧವಿದೆಯೆಂದು ನಮ್ಮ ತಲೆಗೆ ಹೊಳೆಯಲೇ ಇಲ್ಲ.

ಬೂಟುಗಳನ್ನು ಬಾಗಿಲ ಪಕ್ಕ ಜೋಡಿಸಿಟ್ಟು, ಕಾಲುಚೀಲದಲ್ಲೇ ಅವ್ವ ಒಳಗೆ ಹೋದಳು. ಅಷ್ಟು ಎತ್ತರದ ಚಾವಣಿ, ಸಾಲು ಮೇಣದ ಬತ್ತಿ, ಮಗನ ಹೆಣವನ್ನು ತೊಡೆಯ ಮೇಲೆ ಇಟ್ಟುಕೊಂಡ ತಾಯಿಯ ಚಿತ್ರ. ಅವ್ವ ಅದರ ಮುಂದೆ ಬಹಳ ಹೊತ್ತು ಕೈಮುಗಿದು ನಿಂತಳು. "ಹಡದಾಕಿ ಸಂಕಟ ಎಲ್ಲಾ ಕಡೆ ಒಂದ ನೋಡು," ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅಪ್ಪ ಕಂಬಗಳ ಕಾಲಮಾನ ಹೇಳುತ್ತಿದ್ದರು. ನಾವಿಬ್ಬರೂ ಕೇಳುತ್ತಿರಲಿಲ್ಲ.

ನಾನು ಬಾಗಿಲ ಕಡೆ ತಿರುಗಿದಾಗ ಕಪ್ಪು ಕೋಟಿನ ಮುದುಕಿಯೊಬ್ಬಳು ಅವ್ವನ ಬೂಟುಗಳ ಹತ್ತಿರ ಬಗ್ಗಿ ಎದ್ದು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೊರಟದ್ದು ಕಂಡಿತು. ತನ್ನದೇ ಲಾಡಿ ಕಟ್ಟಿಕೊಂಡಳೆಂದುಕೊಂಡೆ. ಅಷ್ಟರಲ್ಲಿ ಗೈಡು ಬಸ್ಸಿಗೆ ಕರೆಯತೊಡಗಿದ. ಅವ್ವ ಗಡಿಬಿಡಿಯಲ್ಲಿ ಬೂಟಿನೊಳಗೆ ಕಾಲು ತೂರಿಸಿದಳು, ನಾನು ಲಾಡಿ ಬಿಗಿದೆ. ಮುಂದಿನ ಚರ್ಚುಗಳ ಬಾಗಿಲು ತೆರೆದಿರಲಿಲ್ಲವೆಂದು ನಮ್ಮನ್ನು ಬೀದಿಬೀದಿ ಸುತ್ತಿಸಿದರು. ಕಾರಂಜಿ, ಸೇತುವೆ, ಮೆಟ್ಟಿಲು. ಅವ್ವ ಎಲ್ಲರಿಗಿಂತ ಮುಂದೆ. "ಸರ್, ನಿಮ್ಮ ಮನಿಯವರು ಭಾಳ ಗಟ್ಟಿ ಅದಾರ್ರಿ," ಎಂದು ಜೊತೆಯಲ್ಲಿದ್ದ ಬೀದರಿನವರು ಹೊಗಳಿದಾಗ ಅಪ್ಪನ ಮುಖ ಊರಗಲವಾಯಿತು.

ಸಂಜೆ ಹೋಟೆಲಿನಲ್ಲಿ ಬೂಟು ಎಳೆದು ತೆಗೆದಾಗ ಕಾಲುಚೀಲ ಒದ್ದೆಯಾಗಿತ್ತು. ಮಳೆ ನೀರೆಂದುಕೊಂಡು ಹಿಂಡಲು ಹೋದೆ. ನನ್ನ ಕೈ ಕೆಂಪಾಯಿತು. ಅವ್ವನ ಅಂಗಾಲಿನಲ್ಲಿ, ಬೆರಳುಗಳ ಬುಡದಲ್ಲಿ, ಚರ್ಮ ಕಿತ್ತು ಕರ್ರಗಾಗಿತ್ತು. ಬೂಟು ಬೋರಲು ಹಾಕಿ ಕೊಡವಿದಾಗ ನಾಣ್ಯವೊಂದು ಠಣ್ಣೆಂದು ಬಿದ್ದು ಮಂಚದ ಕೆಳಗೆ ಉರುಳಿತು. ದಿನವಿಡೀ ಅವ್ವ ಅದರ ಮೇಲೆ ನಡೆದಿದ್ದಳು.

"ನೋಯ್ಲಿಲ್ಲೇನ ಅವ್ವಾ?"

"ಇಲ್ಲವಾ. ಏನೂ ಗೊತ್ತಾಗಲಿಲ್ಲ." ತನ್ನದಲ್ಲದ ಕಾಲನ್ನು ನೋಡಿದಂತೆ ಅವ್ವ ಅದನ್ನು ನೋಡುತ್ತಿದ್ದಳು. ಬಾಗಿಲ ಬಳಿಯ ಮುದುಕಿ ನೆನಪಾಗಿ ನಾನು ಸಿಟ್ಟಿನಿಂದ ಆಕೆಯನ್ನು ಬಯ್ದೆ. ಅವ್ವ ನನ್ನ ಬಾಯಿ ಮುಚ್ಚಿಸಿದಳು. "ಬರಿಗಾಲಿಲೆ ಹೋಗಾಕಿ ನೋಡಿ ಯಾರೋ ಬಡವಿ ಅಂತ ತಿಳಕೊಂಡಿರಬೇಕು. ಪುಣ್ಯಾ ಮಾಡೇನಂತ ಹಾಕ್ಯಾಳ, ಪಾಪ. ನಾಳೆ ಅದನ್ನ ಅವರ ಹುಂಡಿಗೇ ಹಾಕಿ ಬಾ."

ಮರುದಿನ ನಾನು ಹಾಗೇ ಮಾಡಿದೆ. ಹಿಂದಿನ ರಾತ್ರಿಯೇ ಹೋಟೆಲಿಗೆ ಬಂದ ಡಾಕ್ಟರು ಪಟ್ಟಿ ಕಟ್ಟಿ, ಕಾಲು ನೆಲಕ್ಕೆ ತಾಗಿಸಕೂಡದು, ಊರಿಗೆ ಹೋದ ಕೂಡಲೇ ದೊಡ್ಡ ಆಸ್ಪತ್ರೆಗೆ ತೋರಿಸಿ, ಇಲ್ಲದಿದ್ದರೆ ಕಾಲು ಉಳಿಯುವುದು ಕಷ್ಟ ಎಂದಿದ್ದರು. ಅಪ್ಪ ಕೊಲೋಸಿಯಮ್ಮಿಗೆ ಹೋಗಲಿಲ್ಲ. ಅವ್ವ ಬೈದಳು, ಗೋಗರೆದಳು, ಕೊನೆಗೆ ಅತ್ತಳು. ಅಪ್ಪ ಮಂಚದ ಪಕ್ಕದ ಕುರ್ಚಿ ಬಿಟ್ಟು ಏಳಲೇ ಇಲ್ಲ. ವಿಮಾನಕ್ಕೆ ಹೋಗುವ ದಾರಿಯಲ್ಲಿ ಮಂಜಿನೊಳಗೆ ಅದು ಮಸುಕಾಗಿ ಕಂಡಾಗ ಅವ್ವ, "ಅಲ್ಲಿ ನೋಡ್ರಿ, ಅಲ್ಲಿ!" ಎಂದು ಬಸ್ಸಿನ ಗಾಜು ಒರೆಸಿದಳು. ಅಪ್ಪ ಅವಳ ಕಾಲಿಗೆ ಯಾರೂ ತಾಗದಂತೆ ಕೈ ಅಡ್ಡ ಹಿಡಿದು ಕುಳಿತಿದ್ದರು.

ಕಲಬುರಗಿಯಲ್ಲಿ ಮೊದಲು ಎರಡು ಬೆರಳು ತೆಗೆದರು. ಗಾಯ ಮಾಯಲಿಲ್ಲ. ಸೋಲಾಪುರಕ್ಕೆ ಒಯ್ದೆವು. ಬೇಸಿಗೆ ಬರುವಷ್ಟರಲ್ಲಿ ಮೊಣಕಾಲಿನ ಕೆಳಗೆ ಕಾಲೇ ಇರಲಿಲ್ಲ. ಕಾಲಿನ ನರಗಳು ಎಂದೋ ಸತ್ತಿದ್ದವು, ಬಿಸಿಯೂ ತಂಪೂ ನೋವೂ ತಿಳಿಯುತ್ತಿರಲಿಲ್ಲ ಎಂದು ಡಾಕ್ಟರು ವಿವರಿಸಿದರು. ನಾವು ಅಷ್ಟು ವರ್ಷ ಹೆಮ್ಮೆಪಟ್ಟದ್ದು ಅದಕ್ಕೇ. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ತಲೆಯಿಟ್ಟು ಅತ್ತೆ.

ಕೃತಕ ಕಾಲು ಬಂತು. ಅದನ್ನು ಮೊಣಕಾಲಿಗೆ ಬಿಗಿಯಲು ಚರ್ಮದ ಪಟ್ಟಿಗಳಿದ್ದವು. ಚರ್ಮ ಕಟ್ಟಿಕೊಂಡು ಅವ್ವ ದೇವರ ಕೋಣೆಗೆ ಕಾಲಿಡುವ ಮಾತೇ ಇರಲಿಲ್ಲ. ಬಿಚ್ಚಿದರೆ ಆ ಎತ್ತರದ ಹೊಸ್ತಿಲು ದಾಟಲಾಗುತ್ತಿರಲಿಲ್ಲ. "ಹಾಕ್ಕೊಂಡೇ ಬಾ, ದೇವರಿಗೆ ಗೊತ್ತದ," ಎಂದು ಅಪ್ಪ ಎಷ್ಟು ಹೇಳಿದರೂ ಅಲ್ಲಾಡಲಿಲ್ಲ. ಕೆಲವು ತಿಂಗಳು ಅಪ್ಪನೇ ದಿನಾ ಬೆಳಿಗ್ಗೆ ಮಡಿಯುಟ್ಟು ಅವ್ವನನ್ನು ಎತ್ತಿ ಒಳಗೆ ಕೂಡಿಸುತ್ತಿದ್ದರು. ಒಂದು ದಿನ ಅಪ್ಪ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ್ದನ್ನು ಅವ್ವ ಕಂಡಳು. ಮರುದಿನದಿಂದ ಪಡಸಾಲೆಯ ಕಂಬದ ಹತ್ತಿರ ಕುರ್ಚಿ ಹಾಕಿಸಿಕೊಂಡಳು.

"ಇಲ್ಲಿಂದಾನ ದೇವರು ಚೊಲೋ ಕಾಣ್ತಾನ್ರಿ. ಎತ್ತೂದು ಇಳಿಸೂದು ಬ್ಯಾಡ."

ಆ ಕುರ್ಚಿಯಲ್ಲೇ ಅವ್ವ ಉಳಿದ ವರ್ಷಗಳನ್ನು ಕಳೆದಳು. ಬಂದವರು ರೋಮಿನ ಸುದ್ದಿ ಕೇಳಿದರೆ ಅಪ್ಪ ಎದ್ದು ಹೋಗುತ್ತಿದ್ದರು, ಅವ್ವನೇ ಹೇಳುತ್ತಿದ್ದಳು. ಒಳಗಿನಿಂದ ಅಪ್ಪ ದಿನವೂ ಕೂಗಿ ಕೇಳುವುದು, "ಇವತ್ತು ತುಳಸಿ ಹಾರ ಹಾಕೀನಿ, ಕಾಣ್ತದೇನು?" ಅವ್ವ ಹೊರಗಿನಿಂದ, "ಭಾಳ ಛಂದ ಕಾಣ್ತದ್ರಿ," ಎನ್ನುವುದು. ಪೂಜೆ ಅವರಿಬ್ಬರ ಮಾತಾಗಿಬಿಟ್ಟಿತ್ತು.

ಅವ್ವ ಹೋಗಿ ವರ್ಷಾಂತಿಕವಾದ ಮೇಲೆ ಒಂದು ಬೆಳಿಗ್ಗೆ, ಅಪ್ಪ ಪೂಜೆಗೆ ಕುಳಿತಾಗ, ನಾನು ತಲೆ ಒರೆಸಿಕೊಳ್ಳುತ್ತ ಕಂಬದ ಹತ್ತಿರ ಇದ್ದಲ್ಲೇ ಇದ್ದ ಆ ಕುರ್ಚಿಯಲ್ಲಿ ಕುಳಿತೆ. ಬಾಗಿಲ ಚೌಕಟ್ಟು ಕಂಡಿತು, ಎಣ್ಣೆ ಶೀಶೆ ಇಡುವ ಗೂಡು ಕಂಡಿತು, ಸುಣ್ಣ ಬಳಿದ ಗೋಡೆ ಕಂಡಿತು. ದೇವರು ಕಾಣಲಿಲ್ಲ. ಮುಂದೆ ಬಾಗಿದೆ, ಕುತ್ತಿಗೆ ಚಾಚಿದೆ, ಆದರೂ ಕಾಣಲಿಲ್ಲ. ಆ ಕುರ್ಚಿಯಲ್ಲಿ ಕುಳಿತವರಿಗೆ ಎಂದೂ ಕಂಡಿರಲು ಸಾಧ್ಯವಿರಲಿಲ್ಲ.

ಕುರ್ಚಿ ಕಿರ್ರೆಂದದ್ದು ಅಪ್ಪನಿಗೆ ಕೇಳಿಸಿತೇನೋ. ಒಳಗಿನಿಂದ ಧ್ವನಿ ಬಂತು. "ಇವತ್ತು ಮಲ್ಲಿಗಿ ಹೂವು ಹಾಕೀನಿ. ಅಲ್ಲಿಂದ ಕಾಣ್ತದೇನು?"

"ಕಾಣ್ತದಪಾ," ಎಂದೆ. "ಭಾಳ ಛಂದ ಕಾಣ್ತದ."